ಮಾತಿಗೆ ಉರಿಯುವ ಲೈಟು: ಕಾಸರಗೋಡಿನ ಮನೆಯಲ್ಲಿ ಯಾವ ಕ್ರಮದಲ್ಲಿ ಜೋಡಿಸಬೇಕು

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ತರ. "ಸ್ಮಾರ್ಟ್ ಬಲ್ಬು ತಂದೆವು, ಸ್ಪೀಕರೂ ತಂದೆವು. ಎರಡು ದಿನ ಚೆನ್ನಾಗಿ ನಡೆಯಿತು. ಈಗ ಕರೆದರೆ ಬಲ್ಬು ಸಿಗುತ್ತಿಲ್ಲ ಅನ್ನುತ್ತದೆ." ಸ್ಪೀಕರ್ ಎಂದರೆ ಅಲೆಕ್ಸಾ, ಗೂಗಲ್ ಹೋಮಿನಂಥ, ಮಾತು ಕೇಳಿ ಕೆಲಸ ಮಾಡುವ ಪೆಟ್ಟಿಗೆ. ಹೋಗಿ ನೋಡಿದರೆ ಬಲ್ಬು ಸರಿ ಇರುತ್ತದೆ, ಸ್ಪೀಕರೂ ಸರಿ ಇರುತ್ತದೆ. ಕೆಟ್ಟಿರುವುದು ಜೋಡಿಸಿದ ಕ್ರಮ. ಎಲ್ಲರೂ ಸ್ಪೀಕರ್ ಪೆಟ್ಟಿಗೆ ಬಿಚ್ಚಿ ಅಲ್ಲಿಂದಲೇ ಶುರು ಮಾಡುತ್ತಾರೆ. ಮಾತು ಕೊನೆಗೆ ಬರಬೇಕು. ಮೊದಲು ಗೋಡೆಯ ಸ್ವಿಚ್, ಆಮೇಲೆ ವೈಫೈ, ಆಮೇಲೆ ಕರೆಂಟು, ಆಮೇಲೆ ಬಲ್ಬು, ಅದಾದ ಮೇಲೆ ಸ್ಪೀಕರ್.

ಕೆಳಗೆ ಅದೇ ಕ್ರಮದಲ್ಲಿ ಬರೆದಿದ್ದೇನೆ. ಒಂದು ಹಂತ ಸರಿಯಾಗದೆ ಮುಂದಿನದಕ್ಕೆ ಕೈ ಹಾಕಬೇಡಿ. ಇಡೀ ಮನೆಗೆ ಒಮ್ಮೆಲೇ ಮಾಡಲೂ ಹೋಗಬೇಡಿ. ಒಂದು ಕೋಣೆ, ಒಂದು ಲೈಟು, ಒಂದು ವಾರ. ಅದು ನಿಂತ ಮೇಲೆ ಎರಡನೆಯದು.

## ಕೈಯಲ್ಲಿ ಇರಬೇಕಾದದ್ದು

ಟೆಸ್ಟರ್, ಸಣ್ಣ ಸ್ಕ್ರೂಡ್ರೈವರ್, ಅಲುಗಾಡದ ಸ್ಟೂಲು, ಟಾರ್ಚು, ಮತ್ತೆ ಒಂದು ನೋಟ್‌ಬುಕ್. ನೋಟ್‌ಬುಕ್ ಬಹಳ ಮುಖ್ಯ. ವೈಫೈ ಹೆಸರು ಮತ್ತು ಪಾಸ್‌ವರ್ಡ್, ಬಲ್ಬಿನ ಆ್ಯಪ್‌ಗೆ ಕೊಟ್ಟ ಇಮೇಲ್, ಸ್ಪೀಕರ್‌ಗೆ ಕೊಟ್ಟ ಇಮೇಲ್, ಎಲ್ಲದರ ಪಾಸ್‌ವರ್ಡ್ ಅದರಲ್ಲಿ ಬರೆದಿಡಿ. ನಮ್ಮ ಕಡೆ ಇಂಥದ್ದನ್ನೆಲ್ಲ ಜೋಡಿಸಿ ಕೊಡುವುದು ರಜೆಗೆ ಬಂದ ಮಗ ಅಥವಾ ಅಳಿಯ, ಅಲ್ವಾ? ಅವನ ಫೋನಿನಲ್ಲೇ ಎಲ್ಲ ಖಾತೆ ತೆರೆದು, ಅವನು ಗಲ್ಫಿಗೋ ಬೆಂಗಳೂರಿಗೋ ಹೋದ ಮೇಲೆ ಒಂದು ಬಲ್ಬು ತಪ್ಪಿಸಿಕೊಂಡರೆ ಮನೆಯಲ್ಲಿ ಯಾರಿಗೂ ಏನೂ ಮಾಡಲು ಆಗುವುದಿಲ್ಲ. ಖಾತೆ ಮನೆಯಲ್ಲೇ ಇರುವವರ ಹೆಸರಿನಲ್ಲಿ ಇರಲಿ.

ಬಲ್ಬು ಕೊಳ್ಳುವ ಮೊದಲು ಹೋಲ್ಡರ್ ನೋಡಿ. ಒತ್ತಿ ತಿರುಗಿಸುವ ಎರಡು ಪಿನ್ನಿನದ್ದಾದರೆ ಬಿ22. ತಿರುಪಿನಂತೆ ಸುತ್ತುವುದಾದರೆ ಇ27. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ.

## 1. ಬಲ್ಬೋ, ಸ್ವಿಚ್ಚೋ?

ಅರ್ಧದಷ್ಟು ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಸ್ಮಾರ್ಟ್ ಬಲ್ಬಿಗೆ ಯಾವಾಗಲೂ ಕರೆಂಟು ಬೇಕು. ಉರಿಯದೆ ಇರುವಾಗಲೂ ಅದು ವೈಫೈಗೆ ಕಿವಿಗೊಟ್ಟು ಕೂತಿರುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಅದಕ್ಕೆ ಕಿವಿಯೂ ಇಲ್ಲ, ಜೀವವೂ ಇಲ್ಲ.

ನಮ್ಮ ಮನೆಯ ಚಾವಡಿಯಲ್ಲಿ ನಾನು ಮೊದಲು ಹಾಕಿದ್ದು ಬಲ್ಬನ್ನೇ. ಅಜ್ಜಿ ರಾತ್ರಿ ಮಲಗುವ ಮೊದಲು ಮನೆಯ ಎಲ್ಲ ಸ್ವಿಚ್ಚನ್ನೂ ಒಂದೊಂದಾಗಿ ಕೈಯಿಂದ ಮುಟ್ಟಿ ಆಫ್ ಮಾಡುವವರು. ಬೆಳಗ್ಗೆ ಸ್ಪೀಕರ್ ಕರೆದರೆ ಬಲ್ಬು ಉತ್ತರ ಕೊಡುವುದಿಲ್ಲ. ಒಂದು ದಿನ ಸ್ವಿಚ್ ಹಾಕಿ, ತೆಗೆದು, ಹಾಕಿ, ತೆಗೆದು ನೋಡಿದರು. ಬಲ್ಬು ಪಿಳಿಪಿಳಿ ಮಿನುಗಲು ಶುರುವಾಯಿತು. "ಬಲ್ಬು ಹಾಳಾತು ಮಗಾ" ಎಂದು ಕರೆದರು. ಹಾಳಾಗಿರಲಿಲ್ಲ. ಹಲವು ಬಲ್ಬುಗಳಲ್ಲಿ ಮೂರು ಅಥವಾ ಐದು ಸಲ ಬೇಗ ಬೇಗ ಆನ್ ಆಫ್ ಮಾಡಿದರೆ ಹಳೆಯ ಜೋಡಣೆ ಅಳಿಸಿ ಹೋಗಿ, ಹೊಸದಾಗಿ ಜೋಡಿಸಲು ತಯಾರಾಗುತ್ತದೆ. ಆ ಮಿನುಗುವಿಕೆಯ ಅರ್ಥ ಅದು.

ಎಪ್ಪತ್ತು ವರ್ಷದ ಅಭ್ಯಾಸವನ್ನು ಬದಲಿಸಿ ಎಂದು ಅಜ್ಜಿಗೆ ಹೇಳುವುದು ಸರಿಯಲ್ಲ. ಬದಲಿಸಬೇಕಾದದ್ದು ನಾವು ತಂದ ವಸ್ತುವನ್ನು. ಹಿರಿಯರು, ಮಕ್ಕಳು, ಕೆಲಸಕ್ಕೆ ಬರುವವರು ಇರುವ ಮನೆಗೆ ಸ್ವಿಚ್ಚಿನ ಹಿಂದೆ ಕೂರಿಸುವ ಸ್ಮಾರ್ಟ್ ಮಾಡ್ಯೂಲ್, ಅಂದರೆ ವೈಫೈ ಮೂಲಕ ಲೈಟನ್ನು ಆನ್ ಆಫ್ ಮಾಡುವ ಸಣ್ಣ ಡಬ್ಬಿ, ಒಳ್ಳೆಯದು. ಬಲ್ಬು ಸಾಮಾನ್ಯ ಎಲ್‌ಇಡಿಯೇ ಇರಲಿ. ಗೋಡೆಯ ಸ್ವಿಚ್ ಒತ್ತಿದರೂ ಉರಿಯುತ್ತದೆ, ಕೂಗಿ ಹೇಳಿದರೂ ಉರಿಯುತ್ತದೆ. ಬಾಡಿಗೆ ಮನೆ, ಒಬ್ಬರೇ ಮಲಗುವ ಕೋಣೆ, ಬಣ್ಣ ಬೇಕಾದ ಜಾಗ, ಇವಕ್ಕೆ ಬಲ್ಬು ಸಾಕು.

ಮಾಡ್ಯೂಲ್ ತರುವ ಮೊದಲು ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್, ಅಂದರೆ ಕರೆಂಟು ಮರಳುವ ವಯರು, ಇದೆಯೇ ನೋಡಿಸಿ. ಹಳೆಯ ಮನೆಗಳಲ್ಲಿ ಬೋರ್ಡಿಗೆ ಬರುವುದು ಫೇಸ್, ಅಂದರೆ ಕರೆಂಟು ತರುವ ವಯರು, ಮಾತ್ರ. ನ್ಯೂಟ್ರಲ್ ಮೇಲಿನಿಂದ ನೇರ ಹೋಲ್ಡರಿಗೆ ಹೋಗಿರುತ್ತದೆ. ಒಂದು ಸುಲಭ ಗುರುತು: ಅದೇ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಅಲ್ಲಿಗೆ ನ್ಯೂಟ್ರಲ್ ಬಂದಿದೆ ಎಂದೇ ಅರ್ಥ. ನ್ಯೂಟ್ರಲ್ ಬೇಡದ ಮಾಡ್ಯೂಲೂ ಸಿಗುತ್ತದೆ. ಆದರೆ 5, 7 ವ್ಯಾಟಿನ ಸಣ್ಣ ಎಲ್‌ಇಡಿ ಹಾಕಿದಲ್ಲಿ ಆಫ್ ಮಾಡಿದ ಮೇಲೂ ಮಂದವಾಗಿ ಉರಿಯುವುದು, ಮಿನುಗುವುದು ಇದರಲ್ಲಿ ಜಾಸ್ತಿ. ನ್ಯೂಟ್ರಲ್ ಎಳೆಸಿ ಕೂರಿಸುವುದೇ ಮೇಲು.

ಬೋರ್ಡ್ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ವಯರ್‌ಮ್ಯಾನ್ ಮಾಡಲಿ. ಇದು 230 ವೋಲ್ಟ್. ಬಹಳ ಹಳೆಯ ವಯರಿಂಗಿನಲ್ಲಿ ಸ್ವಿಚ್ ಫೇಸಿಗೆ ಬದಲು ನ್ಯೂಟ್ರಲಿನಲ್ಲಿ ಕೂತದ್ದನ್ನು ನಾನೇ ನೋಡಿದ್ದೇನೆ. ಅಂಥ ಕಡೆ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಬಲ್ಬು ಬದಲಿಸುವಾಗಲೂ ಮೈನ್ ಆಫ್ ಮಾಡಿಯೇ ಬದಲಿಸಿ. ಮನೆಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಇಲ್ಲದಿದ್ದರೆ ಸ್ಮಾರ್ಟ್ ಲೈಟಿನ ದುಡ್ಡನ್ನು ಮೊದಲು ಅದಕ್ಕೆ ಹಾಕಿ.

## 2. ವೈಫೈಯನ್ನು ಲೈಟಿಗೆ ತಕ್ಕಂತೆ ಮಾಡಿ

ಸ್ಮಾರ್ಟ್ ಬಲ್ಬು, ಮಾಡ್ಯೂಲ್ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಈಗಿನ ಫೈಬರ್ ರೂಟರ್‌ಗಳಲ್ಲಿ 2.4 ಮತ್ತು 5 ಎರಡೂ ಇರುತ್ತದೆ, ಎಷ್ಟೋ ಕಡೆ ಎರಡಕ್ಕೂ ಒಂದೇ ಹೆಸರು. ಫೋನು ವೇಗದ 5ಕ್ಕೆ ಹೋಗಿ ಕೂರುತ್ತದೆ, ಬಲ್ಬು 2.4ರಲ್ಲಿ ಹುಡುಕುತ್ತದೆ, ಇಬ್ಬರೂ ಭೇಟಿಯಾಗುವುದೇ ಇಲ್ಲ. ಜೋಡಣೆ ಅರ್ಧದಲ್ಲಿ ನಿಲ್ಲುವುದಕ್ಕೆ ನಾನು ಜಾಸ್ತಿ ಕಂಡ ಕಾರಣ ಇದು.

ರೂಟರ್ ಸೆಟ್ಟಿಂಗಿಗೆ ಹೋಗಿ ಎರಡಕ್ಕೂ ಬೇರೆ ಹೆಸರು ಕೊಡಿ. ಆಗದಿದ್ದರೆ ಜೋಡಿಸಿ ಮುಗಿಯುವವರೆಗೆ 5 ಗಿಗಾಹರ್ಟ್ಸನ್ನು ಆಫ್ ಮಾಡಿಡಿ. ಫೈಬರ್ ಹಾಕಿ ಕೊಟ್ಟವರನ್ನು ಕೇಳಿದರೆ ಐದು ನಿಮಿಷದಲ್ಲಿ ಮಾಡಿ ಕೊಡುತ್ತಾರೆ. ಹೆಸರು, ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಮಾತ್ರ ಇರಲಿ. ಭದ್ರತೆಯ ಬಗೆ ಡಬ್ಲ್ಯುಪಿಎ2 ಇಡಿ. ಡಬ್ಲ್ಯುಪಿಎ3 ಮಾತ್ರ ಇಟ್ಟರೆ ಎಷ್ಟೋ ಬಲ್ಬುಗಳು ಸೇರುವುದೇ ಇಲ್ಲ. ಅತಿಥಿಗಳ ವೈಫೈಗೆ ಬಲ್ಬನ್ನು ಸೇರಿಸಬೇಡಿ.

ಇನ್ನು ಗೋಡೆ. ನಮ್ಮ ಮನೆಗಳು ಮುರಕಲ್ಲಿನವು. ಕಲ್ಲು ದಪ್ಪ, ಒಳಗೋಡೆಯೂ ದಪ್ಪ. ಫೈಬರ್ ಒಳಬರುವ ಕಿಟಕಿಯ ಪಕ್ಕದಲ್ಲೇ ರೂಟರ್ ನೇತು ಹಾಕಿರುತ್ತಾರೆ, ಅದು ಮನೆಯ ಒಂದು ತುದಿ. ಅಡುಗೆಮನೆ ಇನ್ನೊಂದು ತುದಿ. ನಡುವೆ ಮೂರು ಗೋಡೆ. ಅಂಗಳಕ್ಕೆ ತಗಡಿನ ಮಾಡು ಇದ್ದರೆ ಅದೂ ಸಿಗ್ನಲನ್ನು ತಡೆಯುತ್ತದೆ.

ಪರೀಕ್ಷೆ ಹೀಗೆ. ಫೋನನ್ನು 2.4ಕ್ಕೆ ಸೇರಿಸಿ. ವೈಫೈ ಬಲ ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಳ್ಳಿ. ಲೈಟು ಬರುವ ಜಾಗದ ಕೆಳಗೆ ನಿಂತು, ಕೋಣೆಯ ಬಾಗಿಲು ಮುಚ್ಚಿ ನೋಡಿ. ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿದ್ದರೆ, ಅಂದರೆ ಮೈನಸ್ 60, ಮೈನಸ್ 55, ಆರಾಮ. ಮೈನಸ್ 75 ದಾಟಿ 80ರ ಕಡೆ ಹೋದರೆ ಇವತ್ತು ಜೋಡಣೆಯಾದರೂ ನಾಳೆ ಕೈಕೊಡುತ್ತದೆ. ಆಗ ಬಲ್ಬು ಬದಲಿಸಿ ಪ್ರಯೋಜನವಿಲ್ಲ. ರೂಟರನ್ನು ಮನೆಯ ನಡುವಿಗೆ ಸರಿಸಿ, ಇಲ್ಲವೇ ವೈಫೈಯನ್ನು ದೂರಕ್ಕೆ ಹರಡುವ ಒಂದು ಮೆಶ್ ಪೆಟ್ಟಿಗೆಯನ್ನು ನಡುಕೋಣೆಯಲ್ಲಿ ಇಡಿ.

ರೂಟರ್ ಬದಲಿಸುವ ದಿನ ಬಂದರೆ ಹೊಸದಕ್ಕೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಕೊಡಿ. ಎಲ್ಲ ಲೈಟುಗಳೂ ತಾವಾಗಿ ಬಂದು ಸೇರಿಕೊಳ್ಳುತ್ತವೆ. ಇದೊಂದು ಗೊತ್ತಿಲ್ಲದೆ ಹದಿನಾಲ್ಕು ಲೈಟನ್ನು ಏಣಿ ಹತ್ತಿ ಮತ್ತೆ ಜೋಡಿಸಿದ ಮನೆ ನನಗೆ ಗೊತ್ತು.

## 3. ಕರೆಂಟು ಹೋಗುವುದನ್ನು ಮೊದಲೇ ಲೆಕ್ಕ ಹಾಕಿ

ಮಳೆಗಾಲದಲ್ಲಿ ಅಡಿಕೆ ಮರ, ತೆಂಗಿನ ಮಡಲು ಲೈನಿನ ಮೇಲೆ ಬೀಳುವ ಊರು ನಮ್ಮದು. ಕರೆಂಟು ಹೋಗುವುದಕ್ಕಿಂತ ಹೋಗಿ ಬಂದು ಹೋಗಿ ಬರುವುದು ಸ್ಮಾರ್ಟ್ ಬಲ್ಬಿಗೆ ಹೆಚ್ಚು ತೊಂದರೆ. ಬೇಗ ಬೇಗ ಆನ್ ಆಫ್ ಆದರೆ ಜೋಡಣೆ ಅಳಿಯುತ್ತದೆ ಎಂದೆನಲ್ಲ, ಗಾಳಿಮಳೆಯ ರಾತ್ರಿ ಯಾರೂ ಸ್ವಿಚ್ ಮುಟ್ಟದೆಯೇ ಅದು ಆಗಿಬಿಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬಲ್ಬು ಪಿಳಿಪಿಳಿ ಎನ್ನುತ್ತಿರುತ್ತದೆ.

ಇದಕ್ಕೆ ಪರಿಹಾರ ಇದೆ. ಸ್ಮಾರ್ಟ್ ಲೈಟಿರುವ ಸರ್ಕ್ಯೂಟನ್ನು ಇನ್ವರ್ಟರಿಗೆ ಕೊಡಿ. ರೂಟರನ್ನೂ ಅದಕ್ಕೇ ಕೊಡಿ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆ ಮಾತ್ರ ಆಗುವ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ರೂಟರ್ ಅಡಾಪ್ಟರಿನ ಮೇಲಿನ ವೋಲ್ಟು, ಆಂಪು ಓದಿಕೊಳ್ಳಿ.

ಬಲ್ಬಿನ ಆ್ಯಪಿನಲ್ಲಿ "ಕರೆಂಟು ಬಂದಾಗ ಏನಾಗಬೇಕು" ಎನ್ನುವ ಸೆಟ್ಟಿಂಗ್ ಇರುತ್ತದೆ. ಮಲಗುವ ಕೋಣೆಗೆ "ಮೊದಲಿದ್ದಂತೆ" ಎನ್ನುವುದನ್ನು ಆರಿಸಿ. ಇಲ್ಲದಿದ್ದರೆ ನಡುರಾತ್ರಿ ಕರೆಂಟು ಬಂದ ಕೂಡಲೇ ಮುಖದ ಮೇಲೆ ಬೆಳಕು ಬೀಳುತ್ತದೆ. ಬಲ್ಬಿದ್ದ ಕಡೆ ಬಚ್ಚಲಿಗೆ, ಮೆಟ್ಟಿಲಿಗೆ "ಆನ್" ಇಡಿ. ವೈಫೈ ಇಲ್ಲದ ಹೊತ್ತಿನಲ್ಲೂ ಸ್ವಿಚ್ ಹಾಕಿದರೆ ಅಲ್ಲಿ ಉರಿಯಲೇಬೇಕು.

ಗುಡುಗು ಮಿಂಚಿನ ಮಾತು. ಏಪ್ರಿಲ್-ಮೇಯ ಸಂಜೆ, ಆಮೇಲೆ ಅಕ್ಟೋಬರ್-ನವೆಂಬರಿನ ತುಲಾಮಳೆ, ಈ ಎರಡು ಕಾಲದಲ್ಲಿ ರೂಟರ್, ಸ್ಪೀಕರುಗಳ ಪ್ಲಗ್ ಕಿತ್ತಿಡುವುದು ಅಭ್ಯಾಸವಾಗಲಿ. ಫೈಬರಿನಲ್ಲಿ ಮಿಂಚು ಬಾರದು ಎಂದು ಧೈರ್ಯವಾಗಿರಬೇಡಿ, ಅದು ಅಡಾಪ್ಟರಿನ ದಾರಿಯಲ್ಲಿ ಬರುತ್ತದೆ. ಗೋಡೆಯೊಳಗಿನ ಮಾಡ್ಯೂಲನ್ನು ಕೀಳಲಾಗುವುದಿಲ್ಲ, ಹಾಗಾಗಿ ಮೈನ್ ಬೋರ್ಡಿನಲ್ಲಿ ಸರ್ಜ್ (ಒಮ್ಮೆಲೇ ನುಗ್ಗುವ ಹೆಚ್ಚು ವೋಲ್ಟು) ತಡೆಯುವ ಎಸ್‌ಪಿಡಿ ಹಾಕಿಸಿ. ಅರ್ತ್ ಸರಿ ಇಲ್ಲದ ಮನೆಯಲ್ಲಿ ಅದೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಸಗೆಯಲ್ಲಿ ನಮ್ಮ ಮುರಮಣ್ಣು ಒಣಗಿ ಅರ್ತ್ ಗುಂಡಿ ಸುಮ್ನೆ ಹೆಸರಿಗೆ ಉಳಿಯುತ್ತದೆ. ಆಗಾಗ ಅದಕ್ಕೆ ನೀರು ಹೊಯ್ಯಿರಿ.

## 4. ಲೈಟನ್ನು ಆ್ಯಪಿಗೆ ಜೋಡಿಸಿ

ಇಷ್ಟು ಸರಿಯಾಗಿದ್ದರೆ ಇದು ಹತ್ತು ನಿಮಿಷದ ಕೆಲಸ. ಫೋನಿನಲ್ಲಿ ಬ್ಲೂಟೂತ್, ಲೊಕೇಶನ್ ಆನ್ ಮಾಡಿ. ಮೊಬೈಲ್ ಡೇಟಾ, ವಿಪಿಎನ್ ಆಫ್ ಮಾಡಿ. ಫೋನು 2.4ರಲ್ಲೇ ಇದೆಯೇ ಎಂದು ಮತ್ತೊಮ್ಮೆ ನೋಡಿ.

ಬಲ್ಬನ್ನು ಹೋಲ್ಡರಿಗೆ ಹಾಕಿ ಸ್ವಿಚ್ ಹಾಕಿ. ಬೇಗ ಬೇಗ ಮಿನುಗಬೇಕು. ಮಿನುಗದಿದ್ದರೆ ಪೆಟ್ಟಿಗೆಯ ಚೀಟಿಯಲ್ಲಿ ಹೇಳಿದಷ್ಟು ಸಲ ಆನ್ ಆಫ್ ಮಾಡಿ. ಬಲ್ಬಿನ ಕಂಪನಿಯ ಆ್ಯಪ್ ತೆರೆದು ಹೊಸ ಸಾಧನ ಸೇರಿಸುವ ಗುಂಡಿ ಒತ್ತಿ, ವೈಫೈ ಪಾಸ್‌ವರ್ಡ್ ಕೊಟ್ಟು ಕಾಯಿರಿ. ಅರ್ಧದಲ್ಲಿ ಬೇರೆ ಆ್ಯಪಿಗೆ ಹೋಗಬೇಡಿ, ವಾಟ್ಸಾಪ್ ನೋಡಬೇಡಿ.

ಅಡುಗೆಮನೆಯ ಎತ್ತರದ ಹೋಲ್ಡರಿನಲ್ಲಿ ಜೋಡಣೆಯಾಗದಿದ್ದರೆ ಬಲ್ಬನ್ನು ರೂಟರ್ ಇರುವ ಕೋಣೆಗೆ ತಂದು ಜೋಡಿಸಿ, ಆಮೇಲೆ ಅದರ ಜಾಗಕ್ಕೆ ಹಾಕಿ. ರೂಟರ್ ಹತ್ತಿರ ಆಗಿ, ಜಾಗದಲ್ಲಿ ಆಗದಿದ್ದರೆ ತೊಂದರೆ ಸಿಗ್ನಲಿನದು, ಎರಡನೇ ಹಂತಕ್ಕೆ ಮರಳಿ. ಎರಡೂ ಕಡೆ ಆಗದಿದ್ದರೆ ಪಾಸ್‌ವರ್ಡ್ ಮತ್ತು ಭದ್ರತೆಯ ಬಗೆಯನ್ನು ನೋಡಿ.

ಆ್ಯಪಿನಿಂದಲೇ ಎರಡು ದಿನ ಆನ್ ಆಫ್ ಮಾಡಿ. ಆ್ಯಪಿಗೆ ಸಿಗದ ಲೈಟು ಸ್ಪೀಕರಿಗೂ ಸಿಗುವುದಿಲ್ಲ.

## 5. ಹೆಸರಿಡುವುದು

ಆ್ಯಪು ತಾನಾಗಿ "ಸ್ಮಾರ್ಟ್ ಬಲ್ಬ್ 9 ವ್ಯಾಟ್" ಎಂಬಂಥ ಹೆಸರು ಕೊಟ್ಟಿರುತ್ತದೆ. ಸ್ಪೀಕರಿಗೆ ಸೇರಿಸುವ ಮೊದಲೇ ಅದನ್ನು ಬದಲಿಸಿ. ಆಮೇಲೆ ಬದಲಿಸಿದರೆ ಹಳೆಯದೂ ಹೊಸದೂ ಎರಡೂ ಉಳಿದು ಗೊಂದಲವಾಗುವುದುಂಟು.

ನಮ್ಮ ನಾಲಿಗೆಗೆ "ಹಾಲ್" ಎಂಬ ಹೆಸರೇ ದೊಡ್ಡ ಬಲೆ. "ಹಾಲ್ ಲೈಟ್ ಆಫ್" ಅಂದದ್ದು ಸ್ಪೀಕರಿಗೆ "ಆಲ್ ಲೈಟ್ ಆಫ್" ಎಂದು ಕೇಳಿ ಇಡೀ ಮನೆ ಕತ್ತಲಾಗುತ್ತದೆ. ಅದಕ್ಕೆ ನಾನು "ಫ್ರಂಟ್ ರೂಮ್" ಎಂದಿಟ್ಟೆ. "ಕಿಚನ್", "ಗಾರ್ಡನ್", "ಟೆಂಪಲ್" ಇವೆಲ್ಲ ಸ್ಪಷ್ಟವಾಗಿ ಕೇಳುವ ಹೆಸರು. ದೇವರಕೋಣೆಗೆ "ಟೆಂಪಲ್" ಎಂದಿಟ್ಟದ್ದು ನಮ್ಮಲ್ಲಿ ಚೆನ್ನಾಗಿ ನಡೆದಿದೆ. ಲೈಟಿಗೂ ಕೋಣೆಗೂ ಒಂದೇ ಹೆಸರು ಇಡಬೇಡಿ. ಮನೆಯಲ್ಲಿರುವವರ ಹೆಸರನ್ನೂ ಇಡಬೇಡಿ.

## 6. ಸ್ಪೀಕರಿಗೆ ಸೇರಿಸಿ

ಅಲೆಕ್ಸಾ ಆದರೆ ಅದರ ಆ್ಯಪಿನಲ್ಲಿ ಸ್ಕಿಲ್ಸ್ ಎನ್ನುವಲ್ಲಿ ಬಲ್ಬಿನ ಕಂಪನಿಯ ಹೆಸರು ಹುಡುಕಿ, ಆನ್ ಮಾಡಿ, ಬಲ್ಬಿನ ಆ್ಯಪಿನ ಇಮೇಲ್, ಪಾಸ್‌ವರ್ಡ್ ಕೊಡಿ. ಗೂಗಲ್ ಹೋಮ್ ಆದರೆ ಸಾಧನ ಸೇರಿಸುವಲ್ಲಿ "ವರ್ಕ್ಸ್ ವಿತ್ ಗೂಗಲ್ ಹೋಮ್" ಎನ್ನುವುದನ್ನು ಆರಿಸಿ ಹಾಗೆಯೇ ಮಾಡಿ. ನೋಟ್‌ಬುಕ್ ಈಗ ಕೆಲಸಕ್ಕೆ ಬರುತ್ತದೆ. ಬಲ್ಬು ಒಂದು ಇಮೇಲಿನಲ್ಲಿ, ಕೊಂಡಿ ಹಾಕಿದ್ದು ಇನ್ನೊಂದರಲ್ಲಿ ಆದರೆ ಸ್ಪೀಕರ್ ಎಷ್ಟು ಹುಡುಕಿದರೂ ಲೈಟು ಸಿಗುವುದಿಲ್ಲ. ಆಮೇಲೆ ಪ್ರತಿ ಲೈಟನ್ನೂ ಅದರ ಕೋಣೆಗೆ ಸೇರಿಸಿ. ಸ್ಪೀಕರನ್ನೂ ಒಂದು ಕೋಣೆಗೆ ಸೇರಿಸಿ. ಆಗ ಆ ಕೋಣೆಯಲ್ಲಿ ನಿಂತು ಬರೀ "ಲೈಟ್ ಆನ್" ಅಂದರೂ ಸಾಕು.

ಸ್ಪೀಕರನ್ನು ಟಿವಿ, ಮಿಕ್ಸಿ, ಫ್ಯಾನಿನ ಗಾಳಿ ಬಡಿಯುವ ಜಾಗದಿಂದ ದೂರ ಇಡಿ. ಹಂಚಿನ ಮನೆಯಲ್ಲಿ, ಅದರಲ್ಲೂ ತಗಡಿನ ಮಾಡಿನ ಹತ್ತಿರ, ಜೂನ್-ಜುಲೈ ಮಳೆ ಹೊಯ್ಯುವಾಗ ಎದುರಿಗೆ ಕೂತವರ ಮಾತೇ ನಮಗೆ ಕೇಳುವುದಿಲ್ಲ. ಸ್ಪೀಕರಿಗೂ ಕೇಳುವುದಿಲ್ಲ. ಆ ಎರಡು ತಿಂಗಳು ಗೋಡೆಯ ಸ್ವಿಚ್ ಬಳಸಬೇಕಾದೀತು, ಅದಕ್ಕೇ ಮೊದಲ ಹಂತದಲ್ಲಿ ಸ್ವಿಚ್ ಉಳಿಸಿಕೊಂಡದ್ದು.

## 7. ಕನ್ನಡದಲ್ಲಿ ಹೇಳಿದರೆ ಕೇಳುವಂತೆ ಮಾಡುವುದು

ಈ ಸ್ಪೀಕರುಗಳನ್ನು ನಮ್ಮಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇಟ್ಟುಕೊಳ್ಳಬೇಕು. ಒಂದೇ ಮನೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಓಡಾಡುವ ಊರಿನಲ್ಲಿ ಇದು ಬೇಸರದ ಸಂಗತಿಯೇ. ಅಮ್ಮ ಎರಡೂ ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಯಿಂದ ಕತ್ತಲಲ್ಲಿ ಬರುವಾಗ ಇಂಗ್ಲಿಷ್ ವಾಕ್ಯ ನೆನಪು ಮಾಡಿಕೊಂಡು ಯಾಕೆ ನಿಲ್ಲಬೇಕು? ಅವರಿಗಾಗಿಯೇ ನಾನು ಒಂದು ದಾರಿ ಹುಡುಕಿದೆ.

ಸ್ಪೀಕರಿನ ಎದುರು "ಅಲೆಕ್ಸಾ, ದೀಪ ಹಚ್ಚು" ಎಂದು ಅಮ್ಮನಿಂದಲೇ ಐದಾರು ಸಲ ಹೇಳಿಸಿದೆ. ಅಲೆಕ್ಸಾ ಆ್ಯಪಿನಲ್ಲಿ ಮಾತಿನ ಇತಿಹಾಸ ಎನ್ನುವ ಜಾಗವಿದೆ. ಅದು ಏನು ಕೇಳಿಸಿಕೊಂಡಿತು ಎಂದು ಅಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಒಮ್ಮೆ "ದೀಪಕ್ ಹಚ್", ಇನ್ನೊಮ್ಮೆ "ದೀಪಾ ಹಾಚು" ಎಂದಿತ್ತು. ಇಂಥ ಮಾತಿಗೆ ಇಂಥ ಕೆಲಸ ಎಂದು ಬರೆದಿಡುವ ರೊಟೀನ್ ಎನ್ನುವಲ್ಲಿ ಹೊಸದೊಂದು ಮಾಡಿ, ಆ ತಪ್ಪು ಕಾಗುಣಿತಗಳನ್ನೇ ಒಂದೊಂದಾಗಿ ಕರೆಯುವ ಮಾತಾಗಿ ಬರೆದೆ. ಕೆಲಸ: ಹಿತ್ತಲ ಲೈಟು ಆನ್. ಅಂದಿನಿಂದ ಅಮ್ಮ "ದೀಪ ಹಚ್ಚು" ಅಂದರೆ ಉರಿಯುತ್ತದೆ.

ಎರಡು ಎಚ್ಚರಿಕೆ. ಹಚ್ಚುವ ಮಾತು, ಆರಿಸುವ ಮಾತು ಕೇಳಲು ಬೇರೆ ಬೇರೆಯಾಗಿರಲಿ. "ದೀಪ ಹಚ್ಚು", "ಸಾಕು ಮಲಗು" ಚೆನ್ನಾಗಿ ಬೇರೆಯಾಗುತ್ತದೆ. "ಹಾಕು", "ಸಾಕು" ಎಂದಿಟ್ಟರೆ ಒಂದಕ್ಕೊಂದು ಬೆರೆಯುತ್ತದೆ. ಮತ್ತೆ, ಆ ಮಾತನ್ನು ದಿನಾ ಹೇಳುವವರ ದನಿಯಲ್ಲೇ ಪರೀಕ್ಷಿಸಿ, ನಿಮ್ಮ ದನಿಯಲ್ಲಲ್ಲ.

## 8. ಹೊತ್ತಿಗೆ ತಾನಾಗಿ ಉರಿಯುವುದು

ಅಂಗಳದ ಲೈಟಿಗೆ ಗಂಟೆ ಹಾಕಬೇಡಿ. ನಮ್ಮಲ್ಲಿ ಸೂರ್ಯ ಮುಳುಗುವುದು ನವೆಂಬರಿನಲ್ಲಿ ಸುಮಾರು 6 ಗಂಟೆಗೆ, ಜುಲೈಯಲ್ಲಿ ಸುಮಾರು 7ಕ್ಕೆ. ರೊಟೀನಿನಲ್ಲಿ "ಸೂರ್ಯಾಸ್ತ" ಆರಿಸಿ, ಆ್ಯಪಿನಲ್ಲಿ ಮನೆಯ ವಿಳಾಸ ಸರಿಯಾಗಿ ಕೊಡಿ. ಹೊರಗೆ ಮಳೆ ಎರಚುವಲ್ಲಿ ಸ್ಮಾರ್ಟ್ ಬಲ್ಬು ಹಾಕಬೇಡಿ, ಅದು ನೀರು ತಡೆಯುವ ವಸ್ತುವಲ್ಲ. ನೀರು ತಡೆಯುತ್ತದೆ ಎನ್ನುವ ಐಪಿ65 ಗುರುತಿನ ಸಾಮಾನ್ಯ ಫ್ಲಡ್ ಲೈಟ್ ಹೊರಗೆ, ಮಾಡ್ಯೂಲ್ ಒಳಗೆ.

ಖರ್ಚಿನ ಭಯ ಬೇಡ. ಆರಿದ್ದಾಗ ಒಂದು ಬಲ್ಬು ಸುಮಾರು ಅರ್ಧ ವ್ಯಾಟ್ ತಿನ್ನುತ್ತದೆ. ಹತ್ತು ಬಲ್ಬಿಗೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಎರಡು ತಿಂಗಳ ಬಿಲ್ಲಿನಲ್ಲಿ ಏಳು ಯೂನಿಟ್ ಆಸುಪಾಸು.

## ಕೂಡಲೇ ನಿಲ್ಲಿಸಬೇಕಾದ ಗುರುತುಗಳು

ಸ್ವಿಚ್ ಬೋರ್ಡ್ ಮುಟ್ಟಿದರೆ ಬಿಸಿ, ಸುಟ್ಟ ವಾಸನೆ, ಒಳಗಿನಿಂದ ಚರಚರ ಸದ್ದು: ಮೈನ್ ಆಫ್ ಮಾಡಿ ವಯರ್‌ಮ್ಯಾನನ್ನು ಕರೆಯಿರಿ. ಮಳೆಗಾಲದಲ್ಲಿ ಬೋರ್ಡಿನೊಳಗೆ ಇರುವೆ ಗೂಡು ಕಟ್ಟುವುದು, ಹಲ್ಲಿ ಸೇರುವುದು ಇದ್ದದ್ದೇ. ವಯರ್ ಒಳಹೋಗುವ ತೂತುಗಳನ್ನು ಮುಚ್ಚಿಸಿ.

ಬೆಳಕು ಹೆಚ್ಚು ಕಡಿಮೆ ಮಾಡುವ ಹಳೆಯ ಡಿಮ್ಮರ್ ಇರುವ ಲೈನಿಗೆ ಸ್ಮಾರ್ಟ್ ಬಲ್ಬು ಹಾಕಬೇಡಿ. ಗಾಳಿಯಾಡದ ಗಾಜಿನ ಗೋಳದೊಳಗೂ ಹಾಕಬೇಡಿ, ಬಿಸಿಗೆ ಬೇಗ ಸಾಯುತ್ತದೆ.

ಲೈಟಿಗೆ ತಂದ ಮಾಡ್ಯೂಲನ್ನು ತೋಟದ ಪಂಪಿಗೆ ಜೋಡಿಸುವುದು ಬೇಡವೇ ಬೇಡ. ಮಾಡ್ಯೂಲಿನ ಮೇಲೆ 10 ಅಥವಾ 16 ಆಂಪು ಎಂದು ಬರೆದಿರಬಹುದು, ಆದರೆ ಮೋಟಾರು ಶುರುವಾಗುವ ಗಳಿಗೆಯಲ್ಲಿ ಎಳೆಯುವ ಕರೆಂಟು ಅದು ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು. ಒಳಗಿನ ರಿಲೇ, ಅಂದರೆ ಕರೆಂಟು ಹಾಕಿ ತೆಗೆಯುವ ಸಣ್ಣ ಸ್ವಿಚ್, ಅಂಟಿಕೊಂಡರೆ ಪಂಪು ನಿಲ್ಲುವುದೇ ಇಲ್ಲ. ಪಂಪಿಗೆ ಕಾಂಟ್ಯಾಕ್ಟರ್ (ಮೋಟಾರಿನ ಕರೆಂಟು ತಡೆಯುವ ದೊಡ್ಡ ಸ್ವಿಚ್) ಇರುವ ಸ್ಟಾರ್ಟರೇ ಬೇಕು.

## 9. ಕೊನೆಯ ಪರೀಕ್ಷೆ

ಎಲ್ಲ ಆದ ಮೇಲೆ ಒಂದು ಸಂಜೆ, ಮನೆಯವರೆಲ್ಲ ಇರುವಾಗ, ಮೈನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಆಫ್ ಮಾಡಿ. ಒಂದು ನಿಮಿಷ ಬಿಟ್ಟು ಆನ್ ಮಾಡಿ. ರೂಟರ್ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು, ಕಾಯಿರಿ. ಈಗ ಯಾವ ಲೈಟು ತಾನಾಗಿ ಉರಿಯಿತು, ಯಾವುದು ಉರಿಯಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೊಂದನ್ನೂ ಹೆಸರು ಹಿಡಿದು ಕರೆಯಿರಿ. ಆಮೇಲೆ ರೂಟರಿನ ಪ್ಲಗ್ ಕಿತ್ತು, ಮನೆಯ ಅತ್ಯಂತ ಹಿರಿಯರಿಗೆ ಹೇಳಿ: ಚಾವಡಿಯಿಂದ ಬಚ್ಚಲವರೆಗೆ ಸ್ವಿಚ್ ಹಾಕುತ್ತಾ ಹೋಗಿ ಬನ್ನಿ. ಅವರು ಎಲ್ಲಿ ಕತ್ತಲಲ್ಲಿ ನಿಂತರೋ ಅಲ್ಲಿನ ಸ್ಮಾರ್ಟ್ ಬಲ್ಬನ್ನು ಅವತ್ತೇ ತೆಗೆದು ಹಳೆಯ ಬಲ್ಬು ಹಾಕಿ.